ಜ್ವರಪೀಡಿತ ಬಾಲಕನೂ ಶಾಲೆಯ ಹಾಜರಿಯೂ

ಜ್ವರ ಬಂದ ಮಗುವನ್ನು ಶಾಲೆಗೆ ಕಳುಹಿಸಬಹುದೇ, ಕೂಡದೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ವಿಚಾರಾರ್ಹವೆಂದೇ ತೋರದು. ಕೂಡದೆಂದು ಯಾರಾದರೂ ಹೇಳಿಯಾರು. ವೈದ್ಯನು ಹೇಳುವನು, ಉಪಾಧ್ಯಾಯನು ಹೇಳುವನು, ನೆರೆಮನೆಯವರು ಕೇಳದಿದ್ದರೂ ಹೇಳುವರು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಯಾವುದಾದರೊಂದು ಶಾಲೆಗೆ ಮಳೆಗಾಲದ ಮುಂಜಾನೆ ಹೋಗಿ ನಿಂತರೆ, ಕಣ್ಣು ಕೆಂಪೇರಿದ ಹುಡುಗನೊಬ್ಬನೂ, ಹಣೆ ಮುಟ್ಟಿದರೆ ಕೈ ಸುಡುವಂತಿರುವ ಹುಡುಗಿಯೊಬ್ಬಳೂ ಸಾಲಿನಲ್ಲಿ ಕುಳಿತಿರುವುದು ಕಾಣಬಂದರೆ ಆಶ್ಚರ್ಯವಿಲ್ಲ. ಎಲ್ಲರೂ ಒಪ್ಪಿದ ಧರ್ಮವೊಂದು ದಿನದಿನವೂ ಮುರಿಯುತ್ತಿರುವಾಗ, ಮುರಿಯುವವರನ್ನು ಬೈಯುವುದಕ್ಕೆ ಮೊದಲು ಆ ಧರ್ಮವು ಯಾರ ಮೇಲೆ ಬೀಳುತ್ತದೆ, ಯಾವ ಆಧಾರದಿಂದ ಬೀಳುತ್ತದೆ ಎಂಬುದನ್ನು ನೋಡುವುದು ನ್ಯಾಯ.

ರೋಗವು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತದೆಂಬ ತಿಳಿವಳಿಕೆಯು ನಿನ್ನೆ ಮೊನ್ನೆ ಬಂದುದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ 5ನೆಯ ಅಧ್ಯಾಯವು ಕುಷ್ಠದ ವಿಚಾರವನ್ನು ಮುಗಿಸುವಾಗ, ಮೈ ತಾಗುವುದರಿಂದ, ಉಸಿರಿನಿಂದ, ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಒಂದೇ ಆಸನದಲ್ಲಿ ಇರುವುದರಿಂದ, ಒಬ್ಬರ ಬಟ್ಟೆ ಹೂಮಾಲೆಗಳನ್ನು ಇನ್ನೊಬ್ಬರು ಧರಿಸುವುದರಿಂದ ದಾಟುವ ರೋಗಗಳನ್ನು ಹೇಳುತ್ತದೆ. ಕುಷ್ಠದೊಡನೆ ಜ್ವರವೂ, ಶೋಷವೂ, ನೇತ್ರಾಭಿಷ್ಯಂದವೂ ಆ ಪಟ್ಟಿಯಲ್ಲಿವೆ. ನೇತ್ರಾಭಿಷ್ಯಂದವೆಂದರೆ ಕಣ್ಣುಬೇನೆ, 2023ರ ಮಳೆಗಾಲದಲ್ಲಿ ಕರ್ನಾಟಕದ ಊರೂರಿನ ಶಾಲೆಗಳಲ್ಲಿ ಮದ್ರಾಸ್ ಐ ಎಂಬ ಹೆಸರಿನಿಂದ ಹಬ್ಬಿದ ಬೇನೆಯು ಅದೇ ಬಗೆಯದು. ಜೊತೆಯ ಊಟ, ಒಂದೇ ಆಸನ, ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ: ಈ ಪಟ್ಟಿಯನ್ನು ಓದಿದವನಿಗೆ ಪ್ರಾಥಮಿಕ ಶಾಲೆಯ ಒಂದು ಕೋಣೆಯೇ ಕಣ್ಣೆದುರು ನಿಲ್ಲುತ್ತದೆ.

ಧರ್ಮಶಾಸ್ತ್ರಕಾರರೂ ಪಾಠ ನಿಲ್ಲಿಸಬೇಕಾದ ಸಂದರ್ಭಗಳನ್ನು ಅನಧ್ಯಾಯವೆಂಬ ಹೆಸರಿನಿಂದ ಎಣಿಸಿಟ್ಟಿದ್ದಾರೆ. ಗುಡುಗು ಸಿಡಿಲುಗಳ ಮಾತು ಎಲ್ಲರಿಗೂ ಗೊತ್ತು. ಆದರೆ ಅಜೀರ್ಣವಾದಾಗ, ವಾಂತಿಯಾದಾಗ, ಮೈಯಿಂದ ನೆತ್ತರು ಹರಿದಾಗ ಅಧ್ಯಯನ ಮಾಡಬಾರದೆಂದು ಮನುಸ್ಮೃತಿಯ 4ನೆಯ ಅಧ್ಯಾಯದಲ್ಲಿರುವುದನ್ನು ನೆನೆಯುವವರು ಕಡಮೆ. ಇದರಿಂದ ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಹಿಗ್ಗುವುದು ಸಲ್ಲದು. ಆ ಸ್ಥಳದಲ್ಲಿ ಸ್ಮೃತಿಕಾರನ ಚಿಂತೆಯು ವೇದದ ಶುಚಿತ್ವವನ್ನು ಕುರಿತದ್ದೇ ಹೊರತು ಪಕ್ಕದಲ್ಲಿ ಕುಳಿತ ಸಹಪಾಠಿಯನ್ನು ಕುರಿತದ್ದಲ್ಲ. ವೈದ್ಯಗ್ರಂಥವು ರೋಗ ದಾಟುವ ಬಗೆಯನ್ನು ಹೇಳಿತು, ಪಾಠ ನಿಲ್ಲಿಸೆಂದು ಹೇಳಲಿಲ್ಲ. ಧರ್ಮಗ್ರಂಥವು ಪಾಠ ನಿಲ್ಲಿಸೆಂದಿತು, ನೆರೆಯವನ ಸಲುವಾಗಿ ಎನ್ನಲಿಲ್ಲ. ಈ ಎರಡನ್ನೂ ಕೂಡಿಸಿ ನೋಡುವ ಕೆಲಸ ಈಗಿನವರದು.

ಇಂದಿನ ವೈದ್ಯಶಾಸ್ತ್ರವು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ವಿಂಗಡಿಸಿದೆ. ಮೂಗು ಸೋರುವ ಪ್ರತಿಯೊಂದು ಮಗುವನ್ನೂ ಮನೆಯಲ್ಲಿ ಕೂಡಿಸಿದರೆ ಆಷಾಢ ಶ್ರಾವಣಗಳಲ್ಲಿ ಶಾಲೆಗೆ ಬೀಗ ಹಾಕಬೇಕಾದೀತು. ಜ್ವರವಿಲ್ಲದ ಸಾಧಾರಣ ನೆಗಡಿಗೆ, ಸಣ್ಣ ಕೆಮ್ಮಿಗೆ ಶಾಲೆ ಬಿಡಿಸಬೇಕಾದುದಿಲ್ಲ. ಜ್ವರ ಬಂದರೆ ಅದು ಇಳಿಯುವವರೆಗೆ, ವಾಂತಿಭೇದಿಯಾದರೆ ಅದು ನಿಂತು 2 ದಿನ ಕಳೆಯುವವರೆಗೆ, ಸೀತಾಳ ಸಿಡುಬಾದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟುವವರೆಗೆ ಮಗುವು ಮನೆಯಲ್ಲಿರತಕ್ಕದ್ದು. ದಡಾರವು ಇವೆಲ್ಲಕ್ಕಿಂತ ಕಠಿಣವಾದುದು. ಮೈಮೇಲೆ ಕೆಂಪು ದದ್ದು ಕಾಣಿಸುವುದಕ್ಕೆ 4 ದಿನ ಮೊದಲಿನಿಂದಲೂ, ಕಂಡ ಮೇಲೆ 4 ದಿನದವರೆಗೂ ಆ ರೋಗಿಯು ಸೋಂಕನ್ನು ಹರಡಬಲ್ಲನು. ಅವನು ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಆ ಸೋಂಕು 2 ಗಂಟೆಯವರೆಗೂ ಉಳಿಯಬಲ್ಲದು. ಅದಕ್ಕೆ ಲಸಿಕೆಯುಂಟು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿಯೇ 15 ವರ್ಷದೊಳಗಿನ ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆಯನ್ನು ದೊಡ್ಡ ಅಭಿಯಾನವಾಗಿ ಹಾಕಿದುದು ಹಲವರ ನೆನಪಿನಲ್ಲಿದ್ದೀತು. ಆದರೆ ಈ ಲಸಿಕೆಯ ಮೊದಲನೆಯ ಪಾಳಿ ಬರುವುದು ಕೂಸಿಗೆ 9 ತಿಂಗಳು ತುಂಬಿದ ಮೇಲೆ.

ಈ ಕೊನೆಯ ಮಾತಿನಲ್ಲಿಯೇ ಧರ್ಮಸೂಕ್ಷ್ಮವಿದೆ. ಮೂರನೆಯ ಇಯತ್ತೆಯ ಬಾಲಕನೊಬ್ಬನು ದಡಾರದ ಜ್ವರದಲ್ಲಿ ಶಾಲೆಗೆ ಬಂದನೆನ್ನೋಣ. ಅವನ ಪಕ್ಕದವನಿಗೆ ಲಸಿಕೆ ಅರ್ಧಕ್ಕೇ ನಿಂತಿದೆ. ಅವನು ರೋಗವನ್ನು ಹೊತ್ತು ತನ್ನ ಓಣಿಗೆ ಹೋಗುತ್ತಾನೆ. ಅಲ್ಲಿ ತೊಟ್ಟಿಲಲ್ಲಿರುವ 6 ತಿಂಗಳ ತಂಗಿಯನ್ನು ಎತ್ತಿ ಆಡಿಸುತ್ತಾನೆ. ಆ ಕೂಸಿನ ಮುಖವನ್ನು ಮೊದಲನೆಯ ಬಾಲಕನ ತಾಯಿಯು ಎಂದೂ ಕಂಡವಳಲ್ಲ, ಅದರ ಹೆಸರನ್ನು ಕೇಳಿದವಳೂ ಅಲ್ಲ. ಕಂಡವರಿಗೆ ಕೇಡು ಮಾಡಬಾರದೆಂಬುದನ್ನು ಎಲ್ಲರೂ ತಿಳಿದಿದ್ದಾರೆ. ಕಾಣದ ಮನೆಯ ತೊಟ್ಟಿಲಿಗೂ ತನ್ನ ಹೊಸ್ತಿಲಿನಿಂದಲೇ ಹೊಣೆಯುಂಟೆಂಬುದು ಕಷ್ಟದಿಂದ ಕಲಿಯಬೇಕಾದ ಪಾಠ. ಅದನ್ನು ಈ ಜಿಲ್ಲೆಯು ದೇಶದಲ್ಲಿ ಮೊದಲು ಕಲಿಯಬೇಕಾಯಿತು. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ಕೋವಿಡ್ ರೋಗದಿಂದ ಭಾರತದಲ್ಲಾದ ಮೊದಲನೆಯ ಮರಣವೆಂದು ಎರಡು ದಿನಗಳ ಮೇಲೆ ಖಚಿತವಾಯಿತು. ಆ ವರ್ಷ ಮುಂಬಯಿ ಪುಣೆಗಳಿಂದ ಮರಳಿದ ಕೂಲಿಕಾರರೊಡನೆ ಸೋಂಕು ಯಾರ ಮನೆಗೆ ಹೇಗೆ ಬಂದಿತೆಂದು ಲೆಕ್ಕ ಹಾಕುವುದೇ ಊರುಗಳ ಕೆಲಸವಾಯಿತು. ಮುಂಬಯಿ ಮದರಾಸುಗಳ ದಾರಿಯಿಂದ 1874ರಲ್ಲಿ ಹೈದರಾಬಾದಿನ ಕಡೆಗೆ ರೈಲು ಕವಲೊಡೆದ ವಾಡಿಯಂತಹ ಊರಿನಲ್ಲಿ, ದೂರದ ಕೆಮ್ಮು ದೂರದ್ದಾಗಿಯೇ ಉಳಿಯುವುದಿಲ್ಲ.

ಇಷ್ಟರವರೆಗೆ ತಾಯಿಯ ಮೇಲಿನ ಆಕ್ಷೇಪಣೆಯು ಬಲವಾಗಿಯೇ ನಿಲ್ಲುತ್ತದೆ. ಈಗ ಅವಳ ಮನೆಯನ್ನು ನೋಡತಕ್ಕದ್ದು.

ಅವಳು ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ ದಿನಗೂಲಿಯವಳು. ಗಂಡನು ವರ್ಷದ ಅರ್ಧ ಭಾಗ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿರುತ್ತಾನೆ. ಒಂದು ದಿನ ಗಣಿಗೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಮೂರು ದಿನ ಹೋಗದಿದ್ದರೆ ನಾಲ್ಕನೆಯ ದಿನ ಅವಳ ಜಾಗದಲ್ಲಿ ಇನ್ನೊಬ್ಬಳಿರುತ್ತಾಳೆ. ಮನೆಯೆಂದರೆ ಒಂದೇ ಕೋಣೆ, ತಗಡಿನ ಮಾಡು. ಜ್ವರದ ಮಗನನ್ನು ಅಲ್ಲಿ ಒಬ್ಬನನ್ನೇ ಬಿಟ್ಟು ಹೋಗುವುದೆಂತು? ಶಾಲೆಯಲ್ಲಾದರೆ ನೆರಳಿದೆ, ನೀರಿದೆ, ನೋಡುವವರಿದ್ದಾರೆ. ಮಧ್ಯಾಹ್ನ ಬಿಸಿಯೂಟವಿದೆ. 2002ರಲ್ಲಿ ಅಕ್ಷರ ದಾಸೋಹವನ್ನು ಈ ಈಶಾನ್ಯ ಜಿಲ್ಲೆಗಳಲ್ಲಿಯೇ ಮೊದಲು ಆರಂಭಿಸಿದುದೂ, 2021ರ ಡಿಸೆಂಬರಿನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮೊದಲುಮಾಡಿದುದೂ ಸುಮ್ಮನೆ ಅಲ್ಲ. ಇಲ್ಲಿನ ಮಕ್ಕಳ ಮೈಯಲ್ಲಿ ಮಾಂಸವಿರಲಿಲ್ಲ. ಹೀಗಿರಲು ಅವಳು ಹುಡುಗನಿಗೊಂದು ಜ್ವರದ ಗುಳಿಗೆ ನುಂಗಿಸಿ, "ಸಾಲಿಗಿ ಹೋಗು ತಮ್ಮಾ, ಅಲ್ಲಿ ಟೀಚರ್ ಅದಾರ, ಮಧ್ಯಾಹ್ನ ಉಣ್ಲಾಕ ಕೊಡ್ತಾರ" ಎಂದರೆ, ಅವಳ ಮಾತಿನಲ್ಲಿ ಅಲಕ್ಷ್ಯವಿಲ್ಲ. ಊರಿನಲ್ಲಿ ಅವಳಿಗೆ ಗೊತ್ತಿರುವ ಅತ್ಯಂತ ಸುರಕ್ಷಿತವಾದ ಸ್ಥಳಕ್ಕೆ ಅವಳು ಮಗನನ್ನು ಕಳುಹಿಸುತ್ತಿದ್ದಾಳೆ.

ಅವಳು ಉಪಾಧ್ಯಾಯರ ಮಾತು ಕೇಳಿ ಮಗನನ್ನು ಮನೆಯಲ್ಲಿ ಬಿಟ್ಟಳೆನ್ನಿ. ಆಗ ಏಳನೆಯ ಇಯತ್ತೆಯ ಅಕ್ಕನು ಕಾವಲಿಗೆ ನಿಲ್ಲುತ್ತಾಳೆ. ಒಬ್ಬನ ಜ್ವರಕ್ಕೆ ಇಬ್ಬರ ಪಾಠ ಹೋಯಿತು. ಹೋದುದರಲ್ಲಿ ಆರೋಗ್ಯವಂತಳಾದ ಹೆಣ್ಣುಮಗಳದ್ದೂ ಸೇರಿತು. ತೊಗರಿ ರಾಶಿಯ ಕಾಲದಲ್ಲಿ ಹೀಗೆ ಬಿಟ್ಟ ಅಕ್ಕಂದಿರಲ್ಲಿ ಕೆಲವರು ಶಾಲೆಗೆ ಮರಳುವುದೇ ಇಲ್ಲ. ಸೋಂಕು ತಡೆಯುವ ಪುಣ್ಯಕಾರ್ಯದ ಖರ್ಚನ್ನು ಯಾರ ಲೆಕ್ಕದಿಂದ ತೆಗೆಯಲಾಯಿತೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ಮೀಮಾಂಸಕರು ಅಧಿಕಾರವೆಂಬ ಒಂದು ವಿಚಾರವನ್ನು ಎತ್ತುತ್ತಾರೆ. ವಿಧಿಯಿದ್ದ ಮಾತ್ರದಿಂದ ಅದು ಯಾರನ್ನೂ ಕಟ್ಟಲಾರದು. ಕರ್ಮವನ್ನು ನಡೆಸಬಲ್ಲ ಸಾಮರ್ಥ್ಯವುಳ್ಳವನೇ ಅದಕ್ಕೆ ಅಧಿಕಾರಿ. ಜೈಮಿನಿಯ ಸೂತ್ರಗಳ 6ನೆಯ ಅಧ್ಯಾಯವೆಲ್ಲ ಈ ಮಾತಿಗೇ ಮೀಸಲು. ದ್ರವ್ಯವಿಲ್ಲದವನಿಗೆ ಯಜ್ಞದಲ್ಲಿ ಅಧಿಕಾರವುಂಟೇ ಎಂಬುದು ಅಲ್ಲಿನ ಒಂದು ಪ್ರಶ್ನೆ. ಯಜ್ಞವು ದ್ರವ್ಯದಿಂದಲೇ ಆಗತಕ್ಕುದಾದ್ದರಿಂದ ಬಡವನಿಗಿಲ್ಲವೆಂದು ಪೂರ್ವಪಕ್ಷ. ಸಿದ್ಧಾಂತವು ಹಾಗಲ್ಲವೆನ್ನುತ್ತದೆ: ಬಡತನವು ಹುಟ್ಟಿನೊಡನೆ ಅಂಟಿದ ನಿತ್ಯಲಕ್ಷಣವಲ್ಲ, ದ್ರವ್ಯವು ಬರಬಹುದು, ಅದನ್ನು ದೊರಕಿಸಬಹುದು, ಆದುದರಿಂದ ಬಡವನನ್ನು ಹೊರಗಿಡಲಾಗದು.

ಈ ಸಿದ್ಧಾಂತವು ಪ್ರಕೃತಕ್ಕೆ ಬಹಳ ಉಪಕಾರಿ. ಬಡ ತಾಯಿಗೆ ಇದೆಲ್ಲ ಏನು ತಿಳಿದೀತು, ಅವಳಿಂದ ಈ ಧರ್ಮವನ್ನು ನಿರೀಕ್ಷಿಸಬಾರದು ಎಂದು ಕನಿಕರದಿಂದ ಹೇಳುವವರುಂಟು. ಆ ಕನಿಕರವು ಅವಮಾನಕ್ಕೆ ಸಮಾನವಾದುದು. ಅದು ಅವಳನ್ನು ಧರ್ಮದ ಹೊರಗೇ ನಿಲ್ಲಿಸುತ್ತದೆ. ಕಾಣದ ಕೂಸಿಗೆ ಅವಳೂ ಹೊಣೆಯೇ. ಆದರೆ ಹೊಣೆಯುಳ್ಳವಳೆಂದ ಕೂಡಲೇ, ದ್ರವ್ಯವನ್ನು ದೊರಕಿಸುವವರಾರು ಎಂಬ ಎರಡನೆಯ ಪ್ರಶ್ನೆಯು ಏಳುತ್ತದೆ. ಯಜ್ಞದಲ್ಲಿ ಫಲವು ಯಜಮಾನನಿಗೆ. ಆದ್ದರಿಂದ ದ್ರವ್ಯವೂ ಅವನದೇ, ದಕ್ಷಿಣೆ ಕೊಡಬೇಕಾದವನೂ ಅವನೇ. ಕೈಯಿಂದ ಕರ್ಮ ಮಾಡುವ ಋತ್ವಿಜನು ಫಲಕ್ಕೆ ಭಾಗಿಯಲ್ಲ, ದಕ್ಷಿಣೆಗೆ ಭಾಗಿ. ಈಗ ಜ್ವರದ ಮಗನನ್ನು ಮನೆಯಲ್ಲಿರಿಸುವ ಕರ್ಮದ ಫಲವು ಯಾರಿಗೆ? ವಿಶ್ರಾಂತಿಯಿಂದ ಅವನಿಗೂ ಕೊಂಚ ಫಲವುಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಹೆಚ್ಚಿನ ಪಾಲು ತರಗತಿಯ ಉಳಿದ ನಲವತ್ತು ಮಕ್ಕಳಿಗೆ, ಅವರ ಮನೆಗಳ ತೊಟ್ಟಿಲುಗಳಿಗೆ, ಊರಿಗೆ. ಹಾಗಾದರೆ ಇಲ್ಲಿ ಊರೇ ಯಜಮಾನ, ತಾಯಿಯು ಋತ್ವಿಜೆ. ಊರು ಫಲವನ್ನು ಮಾತ್ರ ತೆಗೆದುಕೊಂಡು, ದ್ರವ್ಯವನ್ನೂ ಅವಳೇ ತರಲಿ, ದಕ್ಷಿಣೆಯೂ ಬೇಡ, ತಪ್ಪಿದರೆ ಬೈಗುಳು ಇರಲಿ ಎನ್ನುವುದು ಯಾವ ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಪರದೇಶಗಳ ಎರಡು ಸಂಗತಿಗಳು ಇದನ್ನೇ ಎರಡು ಬಗೆಯಾಗಿ ತೋರಿಸುತ್ತವೆ. ಇಂಗ್ಲೆಂಡಿನ ಈಮ್ ಎಂಬ ಹಳ್ಳಿಗೆ 1665ರಲ್ಲಿ ಪ್ಲೇಗು ಬಂದಿತು. ಸುತ್ತಣ ಊರುಗಳಿಗೆ ಹಬ್ಬದಿರಲೆಂದು ಹಳ್ಳಿಯವರು ಪಾದ್ರಿಯ ಮಾತಿನಂತೆ ತಮ್ಮ ಎಲ್ಲೆಯನ್ನು ತಾವೇ ಕಟ್ಟಿಕೊಂಡು ಒಳಗೆ ನಿಂತರು. ಬಹು ಜನರು ಸತ್ತರು. ಅವರ ತ್ಯಾಗವನ್ನು ಹೊಗಳುವವರು ಇನ್ನೊಂದು ಸಂಗತಿಯನ್ನು ಮರೆಯುವುದುಂಟು: ಎಲ್ಲೆಯ ಕಲ್ಲಿನ ಬಳಿ ಹೊರಗಿನವರು ಅನ್ನವನ್ನು ತಂದಿಡುತ್ತಿದ್ದರು, ಆ ಸೀಮೆಯ ಪ್ರಭುವೂ ಆಹಾರ ಕಳುಹಿಸಿದನು. ಎರಡನೆಯದು ನ್ಯೂಯಾರ್ಕಿನ ಅಡುಗೆಯವಳಾದ ಮೇರಿ ಮಲನ್ ಎಂಬವಳ ಕಥೆ. ತನಗೆ ರೋಗವಿಲ್ಲದಂತೆಯೇ ತೋರಿದರೂ ಅವಳ ಮೈಯಲ್ಲಿ ವಿಷಮಶೀತಜ್ವರದ ಕ್ರಿಮಿಗಳಿದ್ದವು. 1907ರಲ್ಲಿ ಅವಳನ್ನು ದ್ವೀಪದಲ್ಲಿರಿಸಿದರು. ಇನ್ನು ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಸಂಬಳ ಕಡಮೆ. ಅವಳು ಹೆಸರು ಮರೆಸಿಕೊಂಡು ಮತ್ತೆ ಅಡುಗೆಗೆ ಹೋದಳು, ಮತ್ತೆ ಜನರು ಮಲಗಿದರು, 1915ರಲ್ಲಿ ಅವಳನ್ನು ಮತ್ತೆ ಹಿಡಿದರು. 1938ರಲ್ಲಿ ಸಾಯುವವರೆಗೂ ಅವಳಿಗೆ ಬಿಡುಗಡೆಯಾಗಲಿಲ್ಲ. ಮಾತು ಮುರಿದವಳೆಂದು ಲೋಕವು ಅವಳನ್ನು ನಿಂದಿಸುತ್ತದೆ. ನಿಂದೆಗೆ ಕಾರಣವೂ ಇದೆ. ಆದರೆ ಅಡುಗೆಯ ಸಂಬಳಕ್ಕೆ ಸಮನಾದ ಜೀವನವನ್ನು ಕೊಟ್ಟು ಆ ಮಾತನ್ನು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ ಎಂಬ ಶಂಕೆ ಉಳಿಯುತ್ತದೆ.

ಶಾಲೆಯೂ ತನ್ನ ಪಾಲನ್ನು ಒಪ್ಪಿಕೊಳ್ಳಬೇಕು. ವಾರ್ಷಿಕೋತ್ಸವದಲ್ಲಿ ಒಂದು ದಿನವೂ ತಪ್ಪದೆ ಬಂದ ಬಾಲಕನನ್ನು ವೇದಿಕೆಗೆ ಕರೆದು ಬಹುಮಾನ ಕೊಡುವ ಪದ್ಧತಿಯುಂಟು. ವರ್ಷಕ್ಕೆ ಎರಡು ಸಲವಾದರೂ ಜ್ವರ ಬಾರದ ಮಗುವು ವಿರಳ. ಹಾಗಿದ್ದ ಮೇಲೆ ಆ ಬಹುಮಾನವು ಎಷ್ಟೋ ಸಲ ಸಲ್ಲುವುದು ಜ್ವರದಲ್ಲಿಯೂ ಬಂದುದಕ್ಕೆ. ಹತ್ತನೆಯ ಇಯತ್ತೆಯವರಿಗೆ ನೂರಕ್ಕೆ 75ರಷ್ಟು ಹಾಜರಿ ಬೇಕೆಂಬ ನಿಯಮವು ತಪ್ಪಲ್ಲ. ನೂರಕ್ಕೆ 25 ಬಿಡುವು ಅದರಲ್ಲೇ ಇದೆ. ಆದರೆ ಆ ಬಿಡುವು ರೋಗಕ್ಕಾಗಿಯೇ ಇರುವುದೆಂದು ತಂದೆತಾಯಿಗಳಿಗೆ ಬಿಡಿಸಿ ಹೇಳುವವರು ಎಷ್ಟು ಮಂದಿ? ಹಾಜರಿ ಪುಸ್ತಕದಲ್ಲಿ ಜ್ವರದಿಂದ ಬಾರದವನೂ ಗೋಲಿಯಾಡಲು ಹೋದವನೂ ಒಂದೇ ಗುರುತಿನ ಕೆಳಗೆ ನಿಲ್ಲುತ್ತಾರೆ. ಒಬ್ಬನು ಪಾಠವನ್ನು ಕದ್ದವನು, ಇನ್ನೊಬ್ಬನು ತನ್ನ ಪಾಠವನ್ನು ಇತರರ ಸಲುವಾಗಿ ಬಿಟ್ಟುಕೊಟ್ಟವನು. ಇನ್ನೊಂದು ಮಾತನ್ನು ಹೇಳದಿರುವುದು ಸರಿಯಲ್ಲ. ಕರ್ನಾಟಕದ ಮಹಿಳಾ ಸರಕಾರಿ ನೌಕರರಿಗೆ 2021ರಿಂದ ಶಿಶುಪಾಲನಾ ರಜೆ 6 ತಿಂಗಳವರೆಗೆ ದೊರೆಯುತ್ತದೆ, ಅದು ಯೋಗ್ಯವಾದುದೇ. "ಮಗನಿಗೆ ಜ್ವರವಿದೆ, ಮನೆಯಲ್ಲಿಟ್ಟುಕೊಳ್ಳಿ" ಎಂದು ಹೇಳುವ ಉಪಾಧ್ಯಾಯಿನಿಗೆ ಆ ರಜೆಯುಂಟು. ಕೇಳಿಸಿಕೊಳ್ಳುವ ಗಣಿಯ ತಾಯಿಗೆ ಅರ್ಧ ದಿನದ್ದೂ ಇಲ್ಲ.

ಇದಕ್ಕೆ ದಾರಿಯೇ ಇಲ್ಲವೆನ್ನುವಂತಿಲ್ಲ, ಏಕೆಂದರೆ ಒಮ್ಮೆ ದಾರಿ ಮಾಡಿದ್ದುಂಟು. 2020ರಲ್ಲಿ ಶಾಲೆಗಳು ಮುಚ್ಚಿದಾಗ ವಿದ್ಯಾಗಮವೆಂಬ ಹೆಸರಿನಿಂದ ಉಪಾಧ್ಯಾಯರು ಗುಡಿಯ ಕಟ್ಟೆಗೂ ಮರದ ನೆರಳಿಗೂ ಹೋಗಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅದೇ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ನಿಜ. ಬಿಸಿಯೂಟದ ಬದಲಿಗೆ ಅಕ್ಕಿ ಬೇಳೆಗಳನ್ನು ಮನೆಗೆ ಕೊಟ್ಟರು. ತಡವಾಯಿತೆಂಬ ದೂರೂ ಉಂಟು. ಕುಂದುಗಳಿದ್ದರೂ, ಪಾಠವೂ ಅನ್ನವೂ ಮಗುವಿದ್ದಲ್ಲಿಗೆ ಹೋಗಬಲ್ಲವೆಂಬುದು ಸಿದ್ಧವಾಯಿತು. ಊರಿಗೆ ಊರೇ ಮುಚ್ಚಿದಾಗ ಮಾಡಿದುದನ್ನು ಮೂರು ದಿನ ಮಲಗಿದ ಒಬ್ಬ ಬಾಲಕನಿಗೆ ಮಾಡುವುದು ಅದಕ್ಕಿಂತ ಹಗುರ. ಅವನ ಪಾಲಿನ ಊಟವನ್ನು ಅದೇ ಓಣಿಯ ಮಗುವಿನ ಕೈಯಲ್ಲಿ ಡಬ್ಬಿಯಲ್ಲಿ ಕಳುಹಿಸಬಹುದು. ಆಶಾ ಕಾರ್ಯಕರ್ತೆಯು ಹೇಗೂ ಆ ಓಣಿಗೆ ಹೋಗುವಳು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಕಾಲದಲ್ಲಿಯೇ, ವಿದ್ಯಾರ್ಥಿಗಳ ಅನ್ನಕ್ಕೆ ವ್ಯವಸ್ಥೆ ಮಾಡಿದ ಮೇಲೆಯೇ ವಿದ್ಯೆಯ ಮಾತು. ಅನ್ನವನ್ನು ಬಿಟ್ಟು ವಿದ್ಯೆಯನ್ನು ಯೋಚಿಸುವ ಚಾಳಿ ಈ ನೆಲದ್ದಲ್ಲ.

ದೂರವಿಡುವುದರಲ್ಲಿ ಇನ್ನೊಂದು ಅಪಾಯವಿದೆ. ಅದು ಈ ದೇಶಕ್ಕೆ ವಿಶೇಷವಾದುದು. ಮೈಲಿಗೆಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಪಾಪವು ಇಲ್ಲಿ ಬಹು ಹಳೆಯದು. ರೋಗದ ದೂರವು ಜಾತಿಯ ದೂರಕ್ಕೆ, ಬಡತನದ ದೂರಕ್ಕೆ ತಿರುಗುವುದು ತಡವಾಗುವುದಿಲ್ಲ. ಕಜ್ಜಿಯಾದ ಮಗುವನ್ನು ಹಿಂದಿನ ಸಾಲಿಗೆ ಕಳುಹಿಸಿ, ಕಜ್ಜಿ ಮಾಯವಾದ ಮೇಲೂ ಅಲ್ಲಿಯೇ ಕೂಡಿಸಿದರೆ ಅದು ಆರೋಗ್ಯವಲ್ಲ. ಈ ವಿಷಯದಲ್ಲಿ ಹಿಂದಿನ ಹೆಂಗಸರ ಆಚಾರವು ಮೆಚ್ಚತಕ್ಕದ್ದು. ಮನೆಯಲ್ಲಿ ಸಿಡುಬು ಕಂಡರೆ ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಿದ್ದರು. ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಮಗುವು ಹೊರಗೆ ಹೋಗುತ್ತಿರಲಿಲ್ಲ. ದೇವಿ ಬಂದಿದ್ದಾಳೆಂದು ಅವರು ನಂಬಿದುದು ವೈದ್ಯಕ್ಕೆ ಒಪ್ಪದು. ಆ ನಂಬಿಕೆಯಿಂದ ಔಷಧವನ್ನೂ ಗೋವಿನ ಚುಚ್ಚನ್ನೂ ದೂಡಿ ಪ್ರಾಣ ಕಳೆದುಕೊಂಡವರುಂಟು. ಸಿಡುಬು ಹೋದದ್ದು ಪೂಜೆಯಿಂದಲ್ಲ, ಲಸಿಕೆಯಿಂದ. 1975ರ ಮೇಲೆ ಅದು ಈ ದೇಶದಲ್ಲಿ ಕಾಣಲಿಲ್ಲ. ಆದರೂ ಆ ಆಚಾರದಲ್ಲಿ ಒಂದು ಗುಣವಿತ್ತು. ಅದು ಮಗುವನ್ನು ದೂರವಿರಿಸಿತು, ಹೀನವಾಗಿ ಕಾಣಲಿಲ್ಲ. ಬೇವಿನ ತಪ್ಪಲು ಕಟ್ಟಿದ ಮನೆಯ ಮುಂದೆ ಜನರು ಮೆಲ್ಲಗೆ ಮಾತಾಡುತ್ತ ಹಾದುಹೋಗುತ್ತಿದ್ದರು. 2020ರಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದ ಮನೆಗಳ ಮುಂದೆ ಜನರು ಹಾದುಹೋದ ಬಗೆ ಬೇರೆ.

ಇದುವರೆಗೆ ಹೇಳಿದುದೆಲ್ಲ ಮನೆಯುಳ್ಳ ಮಕ್ಕಳ ಮಾತಾಯಿತು. ಚಿಂಚೋಳಿಯ ಕಡೆಯ ತಾಂಡಾಗಳಿಂದ ಬಂದು ವಸತಿ ಶಾಲೆಗಳಲ್ಲಿ ಓದುವ ಹುಡುಗಿಯರಿಗೆ ಶಾಲೆಯೇ ಮನೆ. ಅವರಲ್ಲಿ ಒಬ್ಬಳಿಗೆ ಸೀತಾಳ ಸಿಡುಬು ಎದ್ದರೆ ಮನೆಯಲ್ಲಿರಲಿ ಎಂಬ ನಿಯಮಕ್ಕೆ ಅರ್ಥವೇನು? ಅವಳ ಕೈಗೆ ಚೀಲ ಕೊಟ್ಟು ತುಂಬಿದ ಬಸ್ಸಿನಲ್ಲಿ ಊರಿಗೆ ಕಳುಹಿಸಿದರೆ, ನಲವತ್ತು ಮಂದಿಯನ್ನು ಉಳಿಸಲು ಹೋಗಿ ಬಸ್ಸಿನ ಅರುವತ್ತು ಮಂದಿಗೂ ತಾಂಡಾದ ಕೂಸುಗಳಿಗೂ ಹಂಚಿದಂತಾಗುತ್ತದೆ. ಅಲ್ಲಿ ಶಾಲೆಯೊಳಗೇ ಗಾಳಿ ಬೆಳಕಿನ ಒಂದು ಕೋಣೆಯನ್ನು ಬೇರೆ ಮಾಡಿ, ಈ ರೋಗವು ಮೊದಲೇ ಬಂದು ಹೋದವರನ್ನು ನೋಡಿಕೊಳ್ಳಲು ಬಿಟ್ಟು, ತಾಯಿಯನ್ನೇ ಕರೆಸಿಕೊಳ್ಳುವುದು ಯುಕ್ತ. 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲವಾದ್ದರಿಂದ ತಾಯಿಯು ಬರುವುದಕ್ಕೆ ಚಾರ್ಜಿನ ಅಡ್ಡಿಯಿಲ್ಲ. ಬಂದು ಮಗಳ ಬಳಿ ಕುಳಿತ ದಿನಗಳ ಕೂಲಿಯ ಪ್ರಶ್ನೆಯು ಮಾತ್ರ ಅಲ್ಲಿಯೂ ಹಾಗೆಯೇ ಉಳಿದಿದೆ.